ಗಿಡವಿಲ್ಲದ ಐದು ಕೋಲು

ನಮ್ಮ ಹಿತ್ತಲಿಗೆ ಬಂದರೆ ನಿಮಗೆ ಮೊದಲು ಕಾಣುವುದು ಐದು ಬಿದಿರು ಕೋಲು. ಸಾಲಾಗಿ, ನೆಟ್ಟಗೆ, ಮೊಣಕೈ ಆಳಕ್ಕೆ ಊರಿದ ಕೋಲುಗಳು. ಒಂದೊಂದಕ್ಕೂ ಹಳೆಯ ನೂಲಿನ ಸೀರೆಯ ಪಟ್ಟಿ ಸುತ್ತಿದ್ದೇನೆ. ಗಂಟು ಕೂಡ ಹೇಳಿಕೊಟ್ಟ ಹಾಗೆಯೇ ಇದೆ. ಟೊಮ್ಯಾಟೊ ಗಿಡವನ್ನು ಗಾಳಿಯಿಂದ ಕಾಪಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ಸುಮ್ಮನೆ ಇದರ ಫೋಟೊ ತೆಗೆದು ಕಳಿಸಿಬಿಡಬಹುದು. ಅಷ್ಟು ಪರ್ಫೆಕ್ಟ್.

ಒಂದೇ ಒಂದು ಕೊರತೆ. ಗಿಡಗಳಿಲ್ಲ.

ನಗು ಬಂದರೆ ನಕ್ಕುಬಿಡಿ. ನಮ್ಮ ಮನೆಯಲ್ಲೂ ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ವಾರವಾರ ಈ ಅಂಕಣದಲ್ಲಿ ನಿಮ್ಮ ಮುಂದೆ ಬಂದು ಊರಿನವರ ತಪ್ಪು ಎತ್ತಿ ಆಡುವುದು ನನಗೆ ರೂಢಿಯಾಗಿಬಿಟ್ಟಿದೆ. ಮೇಷ್ಟ್ರ ಬುದ್ಧಿ, ಕೆಂಪು ಪೆನ್ನು ಕೈಯಲ್ಲೇ ಇರುತ್ತದೆ. ಈ ವಾರ ಮಾತ್ರ ಆ ಪೆನ್ನು ನನ್ನ ಕಡೆಗೇ ತಿರುಗಿದೆ, ಸಹಿಸಿಕೊಳ್ಳಿ.

ಆ ಗಿಡಗಳು ನನ್ನವಲ್ಲ, ಪಕ್ಕದ ಮನೆಯ ಇಂದು ಮಾವಶಿಯವರವು. ಮಾವಶಿ ಎಂದರೆ ನಮ್ಮ ಚಿಕ್ಕೋಡಿ ಕಡೆ ಚಿಕ್ಕಮ್ಮ. ರಕ್ತಸಂಬಂಧವೇ ಇರಬೇಕೆಂದಿಲ್ಲ, ನಡುವೆ ಒಂದು ಕಾಂಪೌಂಡ್ ಗೋಡೆ ಇದ್ದರೂ ಸಾಕು. ಅವರ ತವರು ನಿಪ್ಪಾಣಿಯ ಆಚೆ, ಮನೆಮಾತು ಮರಾಠಿ. ಕೊಟ್ಟದ್ದು ಚಿಂಚಲಿಯ ಕನ್ನಡದ ಮನೆಗೆ. ಈಗ ಚಿಕ್ಕೋಡಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ತುಂಬಿದ ಮನೆಯಲ್ಲಿದ್ದಾರೆ. ಹೀಗಾಗಿ ಅವರ ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಬಂದು ಹೋಗುತ್ತವೆ. ಎಲ್ಲಿ ಮರಾಠಿ ಮುಗಿಯಿತು, ಎಲ್ಲಿ ಕನ್ನಡ ಶುರುವಾಯಿತು ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಈ ಬೇಸಿಗೆಯವರೆಗೆ ಬಿದ್ದಿರಲಿಲ್ಲ.

ಮಾವಶಿಯವರ ಟೊಮ್ಯಾಟೊ ನೀವು ತಿಳಿದುಕೊಂಡ ಟೊಮ್ಯಾಟೊ ಅಲ್ಲ. ಅಂಗಡಿಯದು ದುಂಡಗೆ, ನುಣ್ಣಗೆ, ಕೈತಪ್ಪಿ ಬಿದ್ದರೂ ಏನೂ ಆಗದ ಜಾತಿ. ಇದು ಚಪ್ಪಟೆ. ಮೈಮೇಲೆ ಕುಂಬಳಕಾಯಿಗಿರುವ ಹಾಗೆ ಗೆರೆ. ಸಿಪ್ಪೆ ತೆಳುವು, ಹುಳಿ ಜೋರು. ಎರಡು ಹಣ್ಣು ಕಿವುಚಿ ಹಾಕಿದರೆ ಸಾರಿಗೆ ಹುಣಸೆಹಣ್ಣಿನ ಮಾತೇ ಬೇಡ. ಅವರ ಮನೆಯಲ್ಲಿ ಇದಕ್ಕೆ ಗೆರಿ ಟೊಮ್ಯಾಟೊ ಎಂದೇ ಹೆಸರು.

ಮದುವೆಯಾದ ವರ್ಷ ತವರಿನಿಂದ ತಂದ ಬೀಜವಂತೆ. ಅಲ್ಲಿಂದ ಪ್ರತಿ ವರ್ಷ ಮೊದಲ ಹಣ್ಣನ್ನು ಯಾರೂ ತಿನ್ನುವಂತಿಲ್ಲ. ಅದು ಬೀಜಕ್ಕೆ ಮೀಸಲು. ಗಿಡದಲ್ಲೇ ಪೂರ್ತಿ ಹಣ್ಣಾದ ಮೇಲೆ ಕಿತ್ತು, ಒಣಗಿದ ಕುಳ್ಳಿನ ಮೇಲೆ ಹಿಂಡಿ, ನೆರಳಲ್ಲಿ ಒಣಗಿಸಿ ಅಟ್ಟದ ಮೇಲೆ ಇಡುವುದು. (ಕುಳ್ಳು ಎಂದರೆ ಸಗಣಿಯ ಬೆರಣಿ, ಪೇಟೆಯ ಓದುಗರಿಗಾಗಿ ಹೇಳುತ್ತಿದ್ದೇನೆ. ಬೀಜ ಅದಕ್ಕೆ ಅಂಟಿಕೊಂಡು ಕೂರುತ್ತದೆ, ಹುಳ ಮುಟ್ಟುವುದಿಲ್ಲ.) ಹೀಗೆ ಎಷ್ಟು ವರ್ಷ ನಡೆಯಿತೋ, ಮಾವಶಿಗೂ ನೆನಪಿಲ್ಲ.

ಆಮೇಲೆ ಮಗ ಕಾರು ತೆಗೆದುಕೊಂಡ. ಕಾರು ಬಂದ ಮೇಲೆ ಅದಕ್ಕೆ ಜಾಗ ಬೇಕಲ್ಲ? ಹಿತ್ತಲಿಗೆ ಪೇವರ್ ಬ್ಲಾಕ್ ಬಿತ್ತು. ಮಾವಶಿ ಇದಕ್ಕೆ ಮಗನನ್ನು ಬೈದದ್ದನ್ನು ನಾನು ಕೇಳಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅದೇ ಕಾರು ಎಂದು ಅವರೇ ಸಮಾಧಾನ ಹೇಳುತ್ತಿದ್ದರು. ಆದರೆ ಬೀಜ ಮಾತ್ರ ಅಟ್ಟದ ಮೇಲೇ ಉಳಿಯಿತು. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರಿಗೆ ಅದೇನು ಹೊಳೆಯಿತೋ, ಉಳಿದಿದ್ದ ಕೊನೆಯ ಕುಳ್ಳನ್ನು ಇಳಿಸಿ, ಬೀಜ ಬಿಡಿಸಿ, ಶ್ರೀಖಂಡದ ಖಾಲಿ ಡಬ್ಬಿಯಲ್ಲಿ ಅಷ್ಟನ್ನೂ ಬಿತ್ತಿದರು. ಹಳೆಯ ಬೀಜ. ಮೊಳಕೆಯೊಡೆದದ್ದು ಐದೇ ಐದು.

ಆ ಐದನ್ನು ನನ್ನ ಹಿತ್ತಲಿಗೆ ತಂದರು. ನೆಟ್ಟು, ನೀರು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದರು:

"ಇವು ಹೋದುವಂದ್ರ ಹೋದುವು ನೋಡಪಾ ಮಾಸ್ತರ. ಮತ್ತ ನನ್ನ ಹಂತ್ಯಾಕ ಒಂದ ಬೀಜ ಇಲ್ಲ."

ನಾನು ಏನೆಂದೆ? ನೀವೇನೂ ಚಿಂತೆ ಮಾಡಬೇಡಿ, ನಾನಿದ್ದೇನಲ್ಲ ಎಂದೆ. ಇದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ.

ಕೋಲಿನ ಪಾಠ ಅಂದೇ ಶುರುವಾಗಿತ್ತು. ಸಸಿ ನೆಟ್ಟ ದಿನವೇ ಪಕ್ಕದಲ್ಲಿ ಕೋಲು ಊರಬೇಕು, ಬೇರು ಹರಡಿದ ಮೇಲೆ ಊರಿದರೆ ಬೇರಿಗೆ ಏಟು ಬೀಳುತ್ತದೆ ಎಂದು ಮಾವಶಿ ಹೇಳಿದರು. ನನ್ನ ಬಳಿ ಇದಕ್ಕೆ ಉತ್ತರ ಇತ್ತು. ಯೂಟ್ಯೂಬಿನಲ್ಲಿ ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ, ಎಳೆಯ ಗಿಡ ಗಾಳಿಗೆ ಅಲ್ಲಾಡಬೇಕು, ಆಗಲೇ ಕಾಂಡಕ್ಕೆ ಶಕ್ತಿ ಬರುವುದು ಎಂದು ಹೇಳಿದ್ದ. ಅದನ್ನು ಮಾವಶಿಗೆ ವಿವರಿಸಿದೆ. ವಿಡಿಯೋ ಕೂಡ ತೋರಿಸಿದೆ. ಅವರು ಪೂರ್ತಿ ನೋಡಿದರು. ಅಲ್ಲಗಳೆಯಲಿಲ್ಲ. ಸಣ್ಣದಿದ್ದಾಗ ಅಲ್ಲಾಡಲಿ, ಕಾಯಿ ಹಿಡಿದ ಮೇಲೆ ಏನು ಮಾಡುತ್ತೀ, ಬಸುರಿ ಹೆಂಗಸನ್ನು ಯಾರಾದರೂ ಗಾಳಿಯಲ್ಲಿ ನಿಲ್ಲಿಸುತ್ತಾರಾ ಎಂದಷ್ಟೇ ಕೇಳಿದರು.

ಟೋಪಿಯವನ ವಿಡಿಯೋದಲ್ಲಿ ಕಾಯಿ ಹಿಡಿದ ಮೇಲಿನ ಭಾಗ ಇರಲಿಲ್ಲ. (ಇದ್ದರೂ ನಾನು ಅಲ್ಲಿಯವರೆಗೆ ನೋಡುತ್ತಿರಲಿಲ್ಲ.)

ಗಿಡಗಳು ಎದೆಮಟ್ಟ ಬೆಳೆದವು. ಹೂ ಬಿಟ್ಟವು, ಕಾಯಿ ಹಿಡಿದವು. ಶೇಡಬಾಳದಲ್ಲಿ ನನ್ನ ಹೆಂಡತಿಯ ಅಣ್ಣನ ದ್ರಾಕ್ಷಿ ತೋಟವಿದೆ. ಆತ ಮಗಳ ಮದುವೆ ಕಾರ್ಡು ಕೊಡಲು ಬಂದಾಗ, ತೋಟದಲ್ಲಿ ಬಿದ್ದಿದ್ದ ಹಳೆಯ ಬಿದಿರು ಕೋಲುಗಳನ್ನೂ ಗಾಡಿಯಲ್ಲಿ ಹಾಕಿಕೊಂಡು ಬಂದ. ನೀರಿನ ಟಾಕಿಯ ಪಕ್ಕದ ಗೋಡೆಗೆ ಒರಗಿಸಿ ಇಟ್ಟೆವು.

ಮಾವಶಿ ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು ಕೊಟ್ಟರು. ಸುತಳಿ ಬೇಡ, ತಂತಿಯಂತೂ ಬೇಡವೇ ಬೇಡ, ಗಾಳಿಗೆ ಗಿಡ ತೂಗಿದಾಗ ಅವು ಕಾಂಡವನ್ನು ಕೊಯ್ದುಬಿಡುತ್ತವೆ ಎಂದರು. ಗಂಟನ್ನೂ ತೋರಿಸಿದರು. ಪಟ್ಟಿಯನ್ನು ಎಂಟರ ಅಂಕಿಯ ಹಾಗೆ ಹಾಕಬೇಕು, ಒಂದು ಸುತ್ತಿನಲ್ಲಿ ಕೋಲು, ಇನ್ನೊಂದು ಸುತ್ತಿನಲ್ಲಿ ಗಿಡ. ಕೋಲಿನ ಕಡೆ ಬಿಗಿ, ಗಿಡದ ಕಡೆ ಸಡಿಲು. ಕಟ್ಟಿದ ಮೇಲೂ ಗಿಡಕ್ಕೆ ಒಂದಿಷ್ಟು ತೂಗಲು ಜಾಗ ಇರಬೇಕು. ನನ್ನ ಕಿರುಬೆರಳು ಇಟ್ಟು ತೋರಿಸಿ, ಇಷ್ಟು ಎಂದರು.

ಮರುದಿನ ಅವರು ಕಣ್ಣಿನ ಪೊರೆಯ ಆಪರೇಷನ್ನಿಗೆ ಹೋದರು. ಬಂದ ಮೇಲೆ ಕಪ್ಪು ಕನ್ನಡಕ. ಬಗ್ಗಬಾರದು, ಧೂಳಿಗೆ ಬರಬಾರದು, ಹಿತ್ತಲಿನ ಹೆಸರೇ ಎತ್ತಬಾರದು ಎಂದು ಡಾಕ್ಟರ ಅಪ್ಪಣೆ. ಕೋಲು, ಪಟ್ಟಿ, ಗಿಡ, ಮೂರೂ ನನ್ನ ಸುಪರ್ದಿಗೆ ಬಂದವು. ಬೇಸಿಗೆ ರಜೆ, ಶಾಲೆ ಇಲ್ಲ. ಅರ್ಧ ಗಂಟೆಯ ಕೆಲಸ. ನಾಳೆ ಮಾಡಿದರಾಯಿತು ಎಂದೆ. ನಾಳೆಯೂ ಅದನ್ನೇ ಎಂದೆ.

ಆ ದಿನಕ್ಕೆ ಬರುತ್ತೇನೆ.

ಗುರುವಾರ ಮಧ್ಯಾಹ್ನ. ಎಲೆ ಅಲ್ಲಾಡದ ಸೆಕೆ. ನಾನು ಹಿತ್ತಲ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಈ ಅಂಕಣಕ್ಕೇ ಬರೆಯುತ್ತಿದ್ದೆ. ಮಾವಶಿಯವರ ಅಡುಗೆಮನೆಯ ಕಿಟಕಿ ನಮ್ಮ ಗೋಡೆಯ ಕಡೆಗೆ ತೆರೆಯುತ್ತದೆ. ಅಲ್ಲಿಂದ ದನಿ ಬಂತು:

"ಮಾಸ್ತರ, ವಾರಾ ಬರೂದ್ರಾಗ ಗಿಡಾ ಕಟ್ಟಿ ಬಿಡಪಾ."

ಆಯ್ತು ಮಾವಶಿ ಎಂದೆ. ತಲೆ ಎತ್ತಲಿಲ್ಲ.

ಆದರೂ ಆ ಮಾತು ಒಂದು ಕ್ಷಣ ತಲೆಯಲ್ಲಿ ನಿಂತಿತು. ನಮ್ಮ ಕಡೆ ವಾರ ಎಂದರೆ ಏಳು ದಿನ ಮಾತ್ರ ಅಲ್ಲ. ಮನೆದೇವರ ಹೆಸರಿನಲ್ಲಿ ಒಪ್ಪತ್ತು ಇರುವ ದಿನಕ್ಕೂ ವಾರ ಎನ್ನುತ್ತಾರೆ. ಇವತ್ತು ನನ್ನ ವಾರ ಐತಿ, ಊಟ ಬೇಡ ಎಂದು ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮಾವಶಿಯ ವಾರ ಯಾವುದು ಎಂದು ಒಳಗಿದ್ದ ನನ್ನ ಹೆಂಡತಿ ಸುನಂದಾಳನ್ನು ಕೇಳಿದೆ. ಸೋಮವಾರ ಎಂದಳು. ಸರಿ, ಸೋಮವಾರದೊಳಗೆ ಕಟ್ಟಬೇಕಂತೆ ಎಂದೆ. ಗಿಡ ಕಟ್ಟುವುದಕ್ಕೂ ಅವರ ವಾರಕ್ಕೂ ಏನು ಸಂಬಂಧ ಎಂದು ಸುನಂದಾ ಕೇಳಿದಳು. ಹಳೆಯ ಮಂದಿ, ಏನೋ ಒಂದು ನಂಬಿಕೆ ಇರುತ್ತದೆ ಬಿಡು ಎಂದೆ.

ಇಲ್ಲಿಗೆ ಮುಗಿಯಲಿಲ್ಲ. ಒಳ್ಳೆಯ ವಿಷಯ ಸಿಕ್ಕಿತು ಎಂದು ಡೈರಿ ತೆಗೆದು ಬರೆದುಕೊಂಡೆ. "ಟೊಮ್ಯಾಟೊ ಗಿಡಕ್ಕೂ ಸೋಮವಾರದ ಮಡಿ." ಮುಂದೆ ಯಾವಾಗಲಾದರೂ ನಿಮಗೆಲ್ಲ ಹೇಳಿ ನಗಿಸುವ ಪ್ಲ್ಯಾನ್ ಇತ್ತು. ಮೊಬೈಲಿನಲ್ಲಿ ಹವಾಮಾನ ನೋಡಿದೆ, ಹಳದಿ ಸೂರ್ಯನ ಚಿತ್ರ ನಗುತ್ತಿತ್ತು. ಗುರುವಾರದಿಂದ ಸೋಮವಾರಕ್ಕೆ ಇನ್ನೂ ಬೇಕಾದಷ್ಟು ದಿನ ಇವೆ. ಮತ್ತೆ ಬರೆಯುತ್ತ ಕುಳಿತೆ.

ಒಂದು ತಾಸೂ ಆಗಿರಲಿಕ್ಕಿಲ್ಲ. ಮೊದಲು ಎದುರು ಮನೆಯ ಪತ್ರಾಸಿನ ತಗಡು ಗಡಗಡ ಎಂದಿತು. ಆಮೇಲೆ ಬೀದಿಯ ಧೂಳೆಲ್ಲ ಎದ್ದು ಮನೆಯೊಳಗೆ ಬಂತು. ನನ್ನ ಹಾಳೆಗಳು ಹಾರಿದವು. ಹಾರಿದ ಹಾಳೆಗಳನ್ನು ಹಿಡಿಯಲು ಓಡಾಡಿದೆ. (ಹೌದು. ಮೊದಲು ಓಡಿದ್ದು ಹಾಳೆಗಳ ಹಿಂದೆ.) ಹಿತ್ತಲ ಬಾಗಿಲು ದಡಾರನೆ ಬಡಿದುಕೊಂಡಿತು. ಆ ಸದ್ದಿಗೆ ಹೊಳೆಯಿತು.

ವಾರಾ.

ಮರಾಠಿಯಲ್ಲಿ ವಾರಾ ಎಂದರೆ ಗಾಳಿ.

ಗಾಳಿ ಬರುವುದರೊಳಗೆ ಗಿಡ ಕಟ್ಟಿಬಿಡು ಎಂದು ಮಾವಶಿ ಹೇಳಿದ್ದರು. ಸೋಮವಾರವೂ ಇಲ್ಲ, ಮಡಿಯೂ ಇಲ್ಲ, ಮಣ್ಣೂ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಕುಳಿತಿದ್ದರೂ ಆ ಸೆಕೆಯಿಂದಲೇ ಅವರಿಗೆ ಗಾಳಿ ಬರುವುದು ಗೊತ್ತಾಗಿತ್ತು.

ನನಗೆ ಮರಾಠಿ ಬರುವುದಿಲ್ಲವೇ? ಅಥಣಿಯಲ್ಲಿ ಹುಟ್ಟಿ ಬೆಳೆದವನು ನಾನು. ಅರ್ಧ ಗೆಳೆಯರು ಮರಾಠಿಯವರು. ವಾರಾ ಎಂಬ ಮಾತು ಚಡ್ಡಿ ಹಾಕುವ ಕಾಲದಿಂದ ಗೊತ್ತು. ನಮ್ಮ ಕಡೆ ಕೊನೆಯ ಅಕ್ಷರ ಎಳೆಯುವ ಚಾಳಿ ಇದೆ, ಗಿಡ ಗಿಡಾ ಆಗುತ್ತದೆ, ವಾರ ವಾರಾ ಆಗುತ್ತದೆ, ಅದಕ್ಕೇ ಹಾಗೆ ಕೇಳಿತು ಎಂದು ಆಮೇಲೆ ನಾನೇ ನನಗೆ ವ್ಯಾಕರಣ ಹೇಳಿಕೊಂಡೆ. ಸುಳ್ಳು. ಕಿವಿ ಚೆನ್ನಾಗಿಯೇ ಇತ್ತು. ವಯಸ್ಸಾದ ಹೆಣ್ಣುಮಗಳು ಗಿಡದ ಬಗ್ಗೆ ಏನಾದರೂ ಹೇಳಿದರೆ ಅದು ಮೂಢನಂಬಿಕೆಯೇ ಇರಬೇಕು ಎಂದು ಮೊದಲೇ ತೀರ್ಮಾನ ಮಾಡಿಟ್ಟಿದ್ದೆ. ಎರಡು ಅರ್ಥದಲ್ಲಿ ನನಗೆ ಬೇಕಾದದ್ದನ್ನು ಆರಿಸಿಕೊಂಡೆ. ಅದರಲ್ಲಿ ಕೆಲಸ ಮುಂದೂಡುವ ಅನುಕೂಲವೂ ಇತ್ತು.

ಹೊರಗೆ ಓಡಿದೆ. ಕಣ್ಣು ಬಿಡಲಾಗದಷ್ಟು ಧೂಳು. ಕೋಲು ತೆಗೆದುಕೊಂಡೆ, ಊರಲು ನೋಡಿದೆ. ಬೇಸಿಗೆಯ ಗಟ್ಟಿ ನೆಲಕ್ಕೆ ಕೋಲು ಇಳಿಯಬೇಕಾದರೆ ಮೊದಲು ಹಾರೆ ಬೇಕು. ಹಾರೆ ಹುಡುಕುವಷ್ಟರಲ್ಲಿ ದಪ್ಪ ಹನಿ ಶುರುವಾಯಿತು. ಅಡ್ಡಮಳೆ, ಹತ್ತು ನಿಮಿಷದ್ದು. ನಾನು ಸೂರಿನಡಿ ನಿಂತು ನೋಡಿದೆ. ಒಂದು ಗಿಡ ವಾಲಿತು, ಪಕ್ಕದ್ದರ ಮೇಲೆ ಬಿತ್ತು. ಅದು ಮೂರನೆಯದರ ಮೇಲೆ. ಕಾಯಿಯ ಭಾರ ಇತ್ತಲ್ಲ, ಒಮ್ಮೆ ವಾಲಿದ ಗಿಡ ಮತ್ತೆ ಏಳಲಿಲ್ಲ.

ಮಳೆ ನಿಂತಿತು. ಐದೂ ನೆಲಕ್ಕೆ ಒರಗಿದ್ದವು. ಎರಡರ ಕಾಂಡ ಬುಡದ ಹತ್ತಿರ ಸೀಳಿತ್ತು. ಹಸಿರು ಕಾಯಿಗಳು ಕೆಸರಿನಲ್ಲಿ ಬಿದ್ದಿದ್ದವು. ಯಾವುದೂ ಬೇರುಸಮೇತ ಕಿತ್ತಿರಲಿಲ್ಲ, ಆದರೆ ಅದಕ್ಕೇನು ಅರ್ಥ ಎಂದು ನನಗೆ ಆಗ ಗೊತ್ತಿರಲಿಲ್ಲ.

ಕಿಟಕಿ ತೆರೆಯಿತು. ಮಾವಶಿಯ ಕಪ್ಪು ಕನ್ನಡಕ ಕಾಣಿಸಿತು. ಗೋಡೆ ಅಡ್ಡ, ಗಿಡಗಳು ಅವರಿಗೆ ಕಾಣುತ್ತಿರಲಿಲ್ಲ.

"ಕಟ್ಟಿದಿಯೇನಪಾ?"

ಇಲ್ಲಿ ನಿಲ್ಲುತ್ತೇನೆ. ಏಕೆಂದರೆ ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಇಲ್ಲ ಮಾವಶಿ, ತಪ್ಪಾಯಿತು, ಎಲ್ಲ ಬಿದ್ದಿವೆ ಎನ್ನಲು ಅಷ್ಟು ಹೊತ್ತು ಬೇಕಾದಷ್ಟಾಗುತ್ತಿತ್ತು.

"ಕಟ್ಟೀನ್ರಿ ಮಾವಶಿ," ಎಂದೆ. "ಛಲೋ ಅದಾವ್ರಿ."

ಛಲೋ ಆತು ಎಂದು ಅವರು ಕಿಟಕಿ ಹಾಕಿಕೊಂಡರು.

ಇಂಥ ಮಾತು ನಾವೆಲ್ಲ ದಿನಕ್ಕೆ ಎಷ್ಟು ಸಲ ಆಡುತ್ತೇವೆ? ಟವೆಲ್ ಸುತ್ತಿಕೊಂಡು ನಿಂತು, ಹೊರಟೆ, ದಾರಿಯಲ್ಲಿದ್ದೇನೆ ಎನ್ನುತ್ತೇವೆ. ಓದದ ಮೆಸೇಜಿಗೆ ಹೆಬ್ಬೆರಳು ಎತ್ತಿ ಕಳಿಸುತ್ತೇವೆ. ಮಾಡಿಲ್ಲ ಎನ್ನುವುದಕ್ಕಿಂತ ಮಾಡಿದೆ ಎನ್ನುವುದು ಸಲೀಸು, ಆಮೇಲೆ ಮಾಡಿದರಾಯಿತು. ಬಹಳ ಸಲ ನಡೆದೂಹೋಗುತ್ತದೆ. ನನಗೂ ಇಷ್ಟು ವರ್ಷ ನಡೆದಿತ್ತು.

ಆದರೆ ಬಿದ್ದ ಗಿಡವನ್ನು ಆಮೇಲೆ ಹೇಗೆ ಕಟ್ಟುವುದು?

ಸುನಂದಾ ಬಂದು ನೋಡಿದಳು. ಹೋಗಿ ಹೇಳಿ ಬನ್ನಿ ಎಂದಳು. ನನ್ನ ಬಳಿ ಅದಕ್ಕೂ ಉತ್ತರ ಇತ್ತು. ಆಪರೇಷನ್ ಆದ ಕಣ್ಣು, ಅತ್ತರೆ ಹೇಗೆ? ಕಣ್ಣು ವಾಸಿಯಾಗಲಿ, ಆಮೇಲೆ ಹೇಳೋಣ ಎಂದೆ. ಎಷ್ಟು ದೊಡ್ಡ ಮನಸ್ಸು ನನ್ನದು. ಸುನಂದಾ ನನ್ನ ಮುಖ ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಎದ್ದವನೇ ಐದೂ ಗಿಡ ಕಿತ್ತೆ. ಕಣ್ಣ ಮುಂದೆ ಬಿದ್ದಿದ್ದರೆ ನನಗೇ ಸಹಿಸಲಾಗುತ್ತಿರಲಿಲ್ಲ. ಬೇರು ನೆಲ ಬಿಡಲು ಒಪ್ಪಲಿಲ್ಲ, ಎರಡೂ ಕೈಯಿಂದ ಜಗ್ಗಬೇಕಾಯಿತು. ಕಾಯಿ, ಎಲೆ, ಕಾಂಡ ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಬೀದಿಗೆ ಹಾಡು ಹಾಕಿಕೊಂಡು ಕಸದ ಗಾಡಿ ಬಂತು, ಹಾಕಿಬಿಟ್ಟೆ. ಹಸಿ ಕಸದ ಕಡೆಗೇ ಹಾಕಿದೆ, ನಿಯಮ ತಪ್ಪಲಿಲ್ಲ.

ಆಮೇಲೆ ಮಳೆಗೆ ಮೆತ್ತಗಾಗಿದ್ದ ನೆಲದಲ್ಲಿ ಕೋಲುಗಳನ್ನು ಊರಿದೆ. ಹೌದು, ಐದೂ ಕೋಲು. ಮಾವಶಿ ಕಿಟಕಿಯಿಂದ ನೋಡಿದರೆ ಗೋಡೆಯ ಮೇಲೆ ಕೋಲಿನ ತುದಿಗಳಾದರೂ ಕಾಣಬೇಕಲ್ಲ? ಪಟ್ಟಿಗಳನ್ನು ಸುತ್ತಿದೆ. ಎಂಟರ ಅಂಕಿ, ಒಂದು ಸುತ್ತಿನಲ್ಲಿ ಕೋಲು, ಇನ್ನೊಂದು ಸುತ್ತಿನಲ್ಲಿ ಏನೂ ಇಲ್ಲ. ಸುನಂದಾ ಚಹಾ ತಂದವಳು ಇದನ್ನು ನೋಡಿ ಒಮ್ಮೆ ಜೋರಾಗಿ ನಕ್ಕಳು. ಆಮೇಲೆ ಲೋಟ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಅರ್ಧ ಗಂಟೆಯ ಕೆಲಸ ಎಂದಿದ್ದೆನಲ್ಲ? ಸರಿಯಾಗಿ ಅರ್ಧ ಗಂಟೆಯೇ ಹಿಡಿಯಿತು.

ಮುಂದಿನ ದಿನಗಳನ್ನು ಹೇಗೆ ಹೇಳಲಿ? ಮಾವಶಿ ದಿನಾ ಕಿಟಕಿಯಿಂದ ವಿಚಾರಿಸುತ್ತಿದ್ದರು. ಕೋಲು ಮಸುಕು ಮಸುಕಾಗಿ ಕಾಣುತ್ತವೆ ಎಂದು ಸಂತೋಷಪಟ್ಟರು. ನೀರು ಹಾಕಿದೆಯಾ ಎಂದರು, ಹಾಕಿದೆ ಎಂದೆ. ಬಣ್ಣ ತಿರುಗಿದವಾ ಎಂದರು, ಇನ್ನೂ ಹಸಿರಿವೆ ಎಂದೆ. ಮೊದಲ ಹಣ್ಣು ಯಾರೂ ಮುಟ್ಟಬೇಡಿ, ಬೀಜಕ್ಕೆ ಬಿಡಿ ಎಂದರು. ಮೊಮ್ಮಗಳಿಂದ ಕುಳ್ಳು ತರಿಸಿ ಇಟ್ಟಿದ್ದೇನೆ ಎಂದೂ ಹೇಳಿದರು. ಆ ದಿನ ಸಂಜೆ ಹೋಗಿ ಹೇಳಿಬಿಡಬೇಕು ಎಂದು ಅಂಗಿ ಹಾಕಿಕೊಂಡೆ. ಅವರ ಮನೆಗೆ ನೆಂಟರು ಬಂದಿದ್ದರು. ಎಂಥ ಸಮಾಧಾನವಾಯಿತು ನನಗೆ, ಗೊತ್ತಾ? ಆ ಸಮಾಧಾನವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಬೇರೆ ದಾರಿ ಹುಡುಕಿದೆ. ಸಂತೆಗೆ ಹೋದೆ. ಗೆರೆ ಇರುವ ಹುಳಿ ಟೊಮ್ಯಾಟೊ ಎಲ್ಲಾದರೂ ಸಿಕ್ಕರೆ ಬೀಜವಾದರೂ ಆದೀತು ಎಂಬ ಆಸೆ. ಒಂದು ಸಾಲು ಮುಗಿಸಿ ಇನ್ನೊಂದು ಸಾಲು ತಿರುಗಿದೆ. ರಾಶಿ ರಾಶಿ ಟೊಮ್ಯಾಟೊ, ಎಲ್ಲ ಒಂದೇ ಅಚ್ಚಿನವು. ಕೊನೆಗೆ ರಾಯಬಾಗ ಕಡೆಯಿಂದ ಬಂದ ವಯಸ್ಸಾದ ವ್ಯಾಪಾರಿಯೊಬ್ಬ ನಾನು ಹೇಳಿದ ವರ್ಣನೆ ಕೇಳಿ ತಲೆಯಾಡಿಸಿದ. ಗೊತ್ತು ಎಂದ. ಸಣ್ಣವನಿದ್ದಾಗ ತಿಂದಿದ್ದೇನೆ, ಅದರ ಸಿಪ್ಪೆ ತೆಳ್ಳಗೆ, ಗಾಡಿಯಲ್ಲಿ ಹಾಕಿ ಪ್ಯಾಟಿಗೆ ತರುವಷ್ಟರಲ್ಲಿ ಒಡೆದುಹೋಗುತ್ತಿತ್ತು, ಅದಕ್ಕೇ ಎಲ್ಲರೂ ಬಿಟ್ಟರು ಎಂದ. ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಯಾರಾದರೂ ಮುದುಕಿ ಮನೆಯಲ್ಲಿ ಉಳಿಸಿಕೊಂಡಿದ್ದರೆ ಇದ್ದೀತು ಎಂದ.

ಖಾಲಿ ಚೀಲ ಮಡಚಿಕೊಂಡು ಬಂದೆ.

ಮಾವಶಿಗೆ ಡಾಕ್ಟರು ಹೊರಗೆ ಓಡಾಡಲು ಒಪ್ಪಿಗೆ ಕೊಟ್ಟ ದಿನ ಅವರು ಬೇರೆಲ್ಲಿಗೂ ಹೋಗಲಿಲ್ಲ. ಗೇಟು ತೆರೆದುಕೊಂಡು ನೇರವಾಗಿ ನಮ್ಮ ಹಿತ್ತಲಿಗೆ ಬಂದರು. ಬೆಳಗಿನ ಬಿಸಿಲು. ಹೊಸ ಕಣ್ಣಿಗೆ ಇನ್ನೂ ಹೊಂದಿಕೆಯಾಗಿರಲಿಲ್ಲ, ಕೈ ಮುಂದೆ ಮಾಡಿಕೊಂಡು ನಡೆದರು. ಮೊದಲ ಕೋಲು ಸಿಕ್ಕಿತು. ಹಿಡಿದು ಅಲ್ಲಾಡಿಸಿ ನೋಡಿದರು, ಗಟ್ಟಿ ಇತ್ತು. ಪಟ್ಟಿ ಮುಟ್ಟಿದರು, ಗಂಟು ಮುಟ್ಟಿದರು. ಆಮೇಲೆ ಅವರ ಬೆರಳು ಆ ಇನ್ನೊಂದು ಸುತ್ತಿನೊಳಗೆ ಹೋಯಿತು. ಹೊರಗೆ ಬಂತು. ಕೈ ಕೋಲಿನ ಗುಂಟ ಕೆಳಗೆ ಇಳಿಯುತ್ತ ಹೋಯಿತು, ಮಣ್ಣಿನವರೆಗೆ.

ಎರಡನೆಯ ಕೋಲಿಗೆ ಹೋದರು. ಮೂರನೆಯದಕ್ಕೂ ಹೋದರು. ಐದನ್ನೂ ಮುಟ್ಟಿ ನೋಡುವವರೆಗೆ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಹೇಳಿದೆ, ಎಲ್ಲವನ್ನೂ. ಗುರುವಾರ, ಸೋಮವಾರ, ವಾರ, ವಾರಾ. ಮಾತಿನ ಗೊಂದಲದ ಭಾಗವನ್ನು ಸ್ವಲ್ಪ ಉದ್ದ ಹೇಳಿದೆ, ಅವರು ನಕ್ಕರೆ ನನಗೆ ಹಗುರಾಗುತ್ತದೆ ಎಂದು. ಅವರು ನಗಲಿಲ್ಲ. ಬೈಯಲೂ ಇಲ್ಲ. ಗಿಡ ಬಿದ್ದಾಗ ಬೇರು ಮೇಲೆ ಬಂದಿದ್ದವೇನು ಎಂದು ಕೇಳಿದರು.

ಇಲ್ಲ, ಬೇರು ನೆಲದಲ್ಲೇ ಇದ್ದವು ಎಂದೆ.

"ಹಂಗಾರ ಬದಕತಿದ್ದುವಲ್ಲಪಾ," ಎಂದರು. "ಬಿದ್ದಲ್ಲೇ ಬುಡಕ್ಕ ಮಣ್ಣ ಏರಿಸಿದ್ರ ಆತಿತ್ತು. ಟೊಮ್ಯಾಟೊ ದಂಟಿಗೆ ಮಣ್ಣ ಹತ್ತಿದ್ರ ಅಲ್ಲೇ ಮತ್ತ ಬೇರ ಬಿಡತೈತಿ."

ಸೀಳಿದ ಎರಡು ಗಿಡಗಳ ಬಗ್ಗೆಯೂ ಕೇಳಿದರು. ಅವುಗಳಲ್ಲಿ ಬಲಿತ ಕಾಯಿ ಇದ್ದವಾ ಎಂದರು. ಇದ್ದವು ಎಂದೆ. ಅವನ್ನು ಬುಡಸಮೇತ ತಂದು ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದ್ದರೆ ಕಾಯಿ ತಾವಾಗಿಯೇ ಹಣ್ಣಾಗುತ್ತಿದ್ದವು, ಒಂದೇ ಒಂದು ಹಣ್ಣಾಗಿದ್ದರೂ ಬೀಜಕ್ಕೆ ಸಾಕಾಗುತ್ತಿತ್ತು ಎಂದು ವಿವರಿಸಿದರು. ಈಗ ಯಾಕೆ ವಿವರಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಬಹುಶಃ ಇನ್ನೊಬ್ಬರಿಗೆ ಹೇಳಿಕೊಟ್ಟೇ ರೂಢಿ ಅವರಿಗೆ.

ಆ ದಿನ ಕಿಟಕಿಯಿಂದ ಕೇಳಿದಾಗಲೇ ಹೇಳಿದ್ದರೆ ಮೊಮ್ಮಗಳ ಕೈಲಿ ಅದನ್ನೆಲ್ಲ ಮಾಡಿಸುತ್ತಿದ್ದೆ ಎಂದೂ ಸೇರಿಸಿದರು. ನಾನು ಗಿಡಗಳನ್ನು ಗಾಡಿಗೆ ಹಾಕಿದ್ದು ಅವು ಸತ್ತಿದ್ದವು ಎಂದಲ್ಲ. ಅವು ಅಲ್ಲಿ ಬಿದ್ದಿದ್ದರೆ ನಾನು ಸುಳ್ಳುಗಾರ ಎಂದು ಗೊತ್ತಾಗುತ್ತಿತ್ತು, ಅದಕ್ಕೆ. ಗಾಳಿ ಅವನ್ನು ಕೆಡವಿತ್ತು, ಅಷ್ಟೇ. ಬೇರು ಕಿತ್ತವನು ನಾನು.

ಮಾವಶಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರು. ಸುನಂದಾ ನೀರು ತಂದು ಕೊಟ್ಟಳು, ಕುಡಿದರು. ಹೋಗುವಾಗ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು:

"ಗಿಡಾ ಕಟ್ಟಂದ್ರ ಕತಿ ಕಟ್ಟಿದೆಲ್ಲಪಾ ಮಾಸ್ತರ."

ಇಷ್ಟು ವರ್ಷ ಬರೆಯುತ್ತಿದ್ದೇನೆ. ನನ್ನ ಬರಹದ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ಬಂದಿಲ್ಲ.

ನಿಮ್ಮಲ್ಲಿ ಕೆಲವರು ಅನ್ನಬಹುದು, ಐದು ಟೊಮ್ಯಾಟೊ ಗಿಡಕ್ಕೆ ಇಷ್ಟೊಂದು ಯಾಕೆ ಎಂದು. ಪೇಟೆಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತವೆ, ನಿಜ. ಗಾಳಿಯಿಂದ ಗಿಡ ಕಾಪಾಡುವುದು ಕಷ್ಟವೂ ಅಲ್ಲ. ಒಂದು ಕೋಲು, ಒಂದು ಹಳೆಯ ಬಟ್ಟೆ, ಸಡಿಲವಾದ ಒಂದು ಗಂಟು. ಬಿದ್ದರೆ ಬುಡಕ್ಕೆ ಒಂದು ಬೊಗಸೆ ಮಣ್ಣು. ಇದನ್ನೆಲ್ಲ ಈಗ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ಯಾವ ಗಿಡಕ್ಕೆ? ಮದುವೆಯಾಗಿ ಬಂದ ವರ್ಷದಿಂದ ಒಬ್ಬ ಹೆಣ್ಣುಮಗಳು ಪ್ರತಿ ಬೇಸಿಗೆ ಮೊದಲ ಹಣ್ಣು ತಿನ್ನದೆ ಉಳಿಸಿಕೊಂಡು ಬಂದದ್ದು ನನ್ನ ಕೈಗೆ ಬಂದ ಒಂದೇ ಋತುವಿನಲ್ಲಿ ಕಸದ ಗಾಡಿ ಹತ್ತಿತು. ಕ್ಷಮಿಸಿ ಎಂದು ಆಮೇಲೆ ಅವರ ಮನೆಗೆ ಹೋಗಿ ಕೇಳಿದೆ. ಬಿಡಪಾ ಎಂದರು. ಬಿಡು ಎನ್ನುವುದು ಎಲ್ಲರಿಗೂ ಬರುತ್ತದೆ, ಬೀಜ ಎಲ್ಲಿಂದ ಬರುತ್ತದೆ?

ಕೋಲುಗಳನ್ನು ಕಿತ್ತು ಹಾಕಿ ಎಂದು ಸುನಂದಾ ಹೇಳುತ್ತಾಳೆ. ನನಗೆ ಮನಸ್ಸಾಗುತ್ತಿಲ್ಲ.

ಮಾವಶಿ ಮಾತು ಬಿಟ್ಟಿಲ್ಲ. ಅಮಾವಾಸ್ಯೆಗೆ ಹೋಳಿಗೆ ಮಾಡಿದಾಗ ಮೊದಲಿನ ಹಾಗೆಯೇ ಗೋಡೆಯ ಮೇಲಿಂದ ತಾಟು ಬಂತು, ನನ್ನ ಪಾಲಿನ ತುಪ್ಪವೂ ಬಂತು. ಬೇರೆಯವರಿಗೆ ಏನೂ ಬದಲಾಗಿಲ್ಲ ಎಂದೇ ಕಾಣುತ್ತದೆ. ಮೊನ್ನೆ ನಾನು ಹಿತ್ತಲಲ್ಲಿ, ನಳದ ಪಕ್ಕದಲ್ಲೇ, ತುಂಬುತ್ತಿರುವ ಕೊಡದ ಮುಂದೆ ನಿಂತಿದ್ದೆ. ಮಾವಶಿ ಕಿಟಕಿಯಿಂದ ನಳಾ ಬಂದೈತೇನು ಎಂದು ಕೇಳಿದರು. ಬಂದೈತ್ರಿ ಮಾವಶಿ ಎಂದೆ. ಆಮೇಲೆ ಸ್ವಲ್ಪ ಗಟ್ಟಿಯಾಗಿ, ನನ್ನ ತಲೆಯ ಮೇಲಿಂದ ನಮ್ಮ ಅಡುಗೆಮನೆಯ ಕಡೆಗೆ ಕೇಳಿದರು:

"ಸುನಂದಾ, ನಳಾ ಬಂದೈತೇನವಾ?"

ನಿಮ್ಮನ್ನು ಕೇಳಿದ ಮೇಲೂ ಇನ್ನೊಬ್ಬರನ್ನು ಕೇಳುವವರು ಯಾರಿದ್ದಾರೆ?